ಆ ಹೊಡೆಂಗೂ ಈ ಹೊಡೆಂಗೂ

ಮಾವಿನಮೆಡಿ ಉಪ್ಪಿನಕಾಯಿಯ ಶುದ್ದಿ ಬರೆತ್ತೆ ಹೇಳಿ ಕಳುದ ಸರ್ತಿ ಮಾತು ಕೊಟ್ಟಿತ್ತಿದ್ದೆ. ಅದು ರಜ ಮುಂದೆ ಹೋತು. ಈ ಎರಡು ತಿಂಗಳಿಲಿ ಎನಗೆ ಭರಣಿ ಮುಟ್ಲೆ ಎಡಿಗಾಯಿದಿಲ್ಲೆ. ಎಂತಕೆ ಹೇಳಿ ಹೇಳ್ತೆ. ಒಟ್ಟಿಂಗೆ ಒಂದು ಇಂಗ್ಲಿಷ್ ಶಬ್ದದ ಕತೆಯೂ ಇದ್ದು.

ಮಗಳಿಂಗೆ ಎಂಟು ತಿಂಗಳು ತುಂಬಿತ್ತು. ಅದು ಬೆಂಗ್ಳೂರಿಲಿ ಇಪ್ಪದು, ಕಾಲೇಜಿಲಿ ರಸಾಯನಶಾಸ್ತ್ರ ಪಾಠ ಮಾಡ್ತು. ಬಾಳಂತನಕ್ಕೆ ಆನೇ ಅಲ್ಲಿಗೆ ಹೋಪದು ಹೇಳಿ ಮದಲೇ ನಿಘಂಟಾಗಿತ್ತು. ಬಾಳಂತಿ ಮದ್ದಿನ ಸಾಮಾನು, ಹಳೆ ವೇಷ್ಟಿ ಒಗದು ಹರುದು ಮಾಡಿದ ಮೆಸ್ತಂಗೆ ಬಟ್ಟೆಗೊ, ಎಲ್ಲ ಚೀಲಲ್ಲಿ ತುಂಬುಸಿ ಮಡುಗಿತ್ತಿದ್ದೆ. ಬಸ್ಸಿನ ಟಿಕೇಟೂ ಆಗಿತ್ತು. ಹೋಪಲೆ ನಾಲ್ಕು ದಿನ ಇಪ್ಪಗ ತವರಿಂದ ಫೋನು ಬಂತು. ಅಮ್ಮ ಬೆಶಿನೀರ ಕೊಟ್ಟಗೆಲಿ ಜಾರಿ ಬಿದ್ದು ಬಲದ ಕೈಯ ಮಣಿಗಂಟು ಮುರುದ್ದಡ. ಆರು ವಾರ ಪ್ಲಾಸ್ಟರ್ ಬೇಕು ಹೇಳಿದವಡ ಡಾಕ್ಟ್ರು.

ಅಮ್ಮಂಗೆ ಎಂಬತ್ತೊಂದು ವರ್ಷ. ಆ ದೊಡ್ಡ ಮನೆಲಿ ಅಮ್ಮ ಮಾಂತ್ರ. ಅಣ್ಣ ಪರದೇಶಲ್ಲಿ. "ಎನ್ನೊಟ್ಟಿಂಗೆ ಬೆಂಗ್ಳೂರಿಂಗೆ ಬಾ ಅಮ್ಮ, ಇಬ್ರನ್ನೂ ಒಂದೇ ಮನೆಲಿ ನೋಡಿಗೊಳ್ತೆ" ಹೇಳಿದೆ. "ಹಟ್ಟಿಲಿ ದನ ಇದ್ದು, ದೇವರಿಂಗೆ ದೀಪ ಮಡುಗೆಕ್ಕು. ಆನು ಎಲ್ಲಿಗೂ ಬತ್ತಿಲ್ಲೆ" ಹೇಳಿತ್ತು. ಮತ್ತೆ ಮಾತಿಲ್ಲೆ. ನಿಂಗೊಗೆ ಎನ್ನ ಅಮ್ಮನ ಗೊಂತಿದ್ದನ್ನೇ.

ಆ ದಿನ ಇರುಳು ಮಗಳ ಹತ್ರೆ ಇದರ ಹೇಳುವಗ ಎನಗೆ ಸ್ವರ ಹೆರಡ. ಅದು ರಜ ಹೊತ್ತು ಸುಮ್ಮನೆ ಕೂದತ್ತು. ಮತ್ತೆ ಎನ್ನ ನೆಗೆ ಮಾಡ್ಸುಲೆ ಹೇಳಿ, "ಅಮ್ಮ, ನಿನ್ನ ಈಗಣ ಅವಸ್ಥೆಗೆ ಎಂಗಳ ಹಳೆ ಪುಸ್ತಕಲ್ಲಿ ಒಂದು ಶಬ್ದ ಇದ್ದು, ಡೈವೆಲೆಂಟ್" ಹೇಳಿತ್ತು. ಎನ್ನದು ಪಿಯುಸಿಯ ಇಂಗ್ಲಿಷು. "ಅದೆಂತದು, ಡೈವೋರ್ಸಿನ ತಂಗೆಯೋ?" ಹೇಳಿ ಕೇಳಿದೆ. ಇಬ್ರಿಂಗೂ ನೆಗೆ ಬಂತು.

ತಂಗೆ ಅಲ್ಲದ್ರೂ ಮೋರೆ ಹಾಂಗೇ ಇದ್ದು. ಲ್ಯಾಟಿನ್ ಭಾಷೆಲಿ 'ವೆಲ್ಲೆರೆ' ಹೇಳಿರೆ ಹಿಡುದು ಎಳವದು, ಕೀಳುದು. ಅದರ ಮುಂದೆ 'ಡಿ' ಸೇರಿರೆ ಎಳದು ಬೇರೆ ಬೇರೆ ಮಾಡುದು. ಈಗ ಆರ ಬಾಯಿಲಿಯೂ ಇಲ್ಲದ್ದ ಶಬ್ದ, ದೊಡ್ಡ ದೊಡ್ಡ ನಿಘಂಟಿಲಿ ಕೂದುಗೊಂಡಿದ್ದು. 18ನೇ ಶತಮಾನದ ಅಖೇರಿಗೆ ಐರ್ಲೆಂಡಿನ ರಸಾಯನಶಾಸ್ತ್ರಜ್ಞ ರಿಚರ್ಡ್ ಕಿರ್ವನ್ (1733–1812) ಇದರ ಉಪಯೋಗಿಸಿದವು. ಎರಡು ವಸ್ತುಗೊ ಒಂದಕ್ಕೊಂದು ಎಂತಕೆ ಅಂಟಿಗೊಂಡಿರ್ತು, ಮತ್ತೆ ಎಂತಕೆ ಕೈ ಬಿಡ್ತು ಹೇಳುದು ಆಗಾಣವಕ್ಕೆ ದೊಡ್ಡ ಪ್ರಶ್ನೆ. ಇಪ್ಪ ಜೋಡಿಯ ಹಾಂಗೇ ಹಿಡುದು ನಿಲ್ಲುಸುವ ಸೆಳೆತಕ್ಕೆ ಕಿರ್ವನ್ 'ಕ್ವಿಯೆಸೆಂಟ್' ಹೇಳಿದವು. ಆ ಜೋಡಿಯ ಬಿಡುಸಿ ಹೊಸ ಜೋಡಿ ಮಾಡ್ಲೆ ಎಳವ ಸೆಳೆತ 'ಡೈವೆಲೆಂಟ್'. ಎರಡರಲ್ಲಿ ಯೇವದು ಹೆಚ್ಚೋ ಅದು ಗೆಲ್ಲುತ್ತು ಹೇಳಿ ಅವರ ಲೆಕ್ಕ. ಈ ಸೆಳೆತಂಗೊಕ್ಕೆ ಸಂಖ್ಯೆ ಕೊಡ್ಲೂ ನೋಡಿದವು.

ಇದು ಎನಗೆ ಅರ್ಥ ಆದ್ದು ಸಾಬೂನಿಲಿ. ಮಗಳ ಮನೆಯ ಬೋರ್‌ವೆಲ್ ನೀರಿಲಿ ಸಾಬೂನು ತಿಕ್ಕಿರೆ ನೊರೆ ಬತ್ತಿಲ್ಲೆ, ಬಾಲ್ದಿಯ ಕರೇಲಿ ಬೆಳಿ ಕಸರು ಹಿಡಿತ್ತು. ಸಾಬೂನಿಲಿ ಸೋಡಿಯಮ್ಮೂ ಎಣ್ಣೆಯ ಆಮ್ಲವೂ ಜೋಡಿಯಾಗಿರ್ತು. ಗಡಸು ನೀರಿಲಿ ಕ್ಯಾಲ್ಶಿಯಂ ಇರ್ತು. ಎರಡೂ ಸೇರಿಯಪ್ಪಗ ಎಣ್ಣೆಯ ಆಮ್ಲ ಸೋಡಿಯಮ್ಮಿನ ಕೈ ಬಿಟ್ಟು ಕ್ಯಾಲ್ಶಿಯಮ್ಮಿನ ಕೈ ಹಿಡಿತ್ತು. ಆ ಹೊಸ ಜೋಡಿಯೇ ನಾವು ತಿಕ್ಕಿ ತಿಕ್ಕಿ ತೆಗೆವ ಕಸರು.

ಕಿರ್ವನ್ ಹೇಳ್ತ ಜೆನವೂ ಒಂದರಿ ಎರಡು ಹೊಡೆಯ ಎಳೆತಕ್ಕೆ ಸಿಕ್ಕಿದ್ದವು. ವಸ್ತು ಹೊತ್ತುವಗ ಅದರೊಳಾಣ 'ಫ್ಲಾಜಿಸ್ಟನ್' ಹೆರ ಹೋಪದು ಹೇಳಿ ಹಳಬ್ಬರು ನಂಬಿಗೊಂಡಿತ್ತಿದ್ದವು. ಆ ಪಕ್ಷ ಹಿಡುದು 1787ರಲ್ಲಿ ಕಿರ್ವನ್ ಒಂದು ಪುಸ್ತಕ ಬರದವು. ಗಾಳಿಲಿಪ್ಪ ಆಮ್ಲಜನಕ ಸೇರುದು ಹೇಳಿ ಫ್ರಾನ್ಸಿನ ಲವಾಸಿಯೆ ವಾದ. ಲವಾಸಿಯೆಯ ಹೆಂಡತಿ ಮೇರಿ ಆನ್ ಕಿರ್ವನ್ನಿನ ಪುಸ್ತಕವ ಫ್ರೆಂಚಿಂಗೆ ಮಾಡಿತ್ತು. ಅದರೊಟ್ಟಿಂಗೆ ಗೆಂಡನೂ ಅವನ ಜೊತೆಯವೂ ಬರದ ಖಂಡನೆ ಸೇರಿಯೇ ಅಚ್ಚಾತು. ಕೆಲವು ವರ್ಷಲ್ಲಿ ಕಿರ್ವನ್ ಹಳೆ ನಂಬಿಕೆಯ ಬಿಟ್ಟು ಈ ಹೊಡೆಂಗೆ ಬಂದವು. ಯೇವದು ಸರಿ ಹೇಳಿ ಗೊಂತಾದ ಮೇಲೆ ಬಿಡ್ಲೆ ಎಡಿಗಾತು. ಎನ್ನ ಕಷ್ಟ ಅದಲ್ಲ. ಎನಗೆ ಎರಡು ಹೊಡೆಯೂ ಸರಿಯೇ.

ಟಿಕೇಟು ರದ್ದು ಮಾಡಿ ತವರಿಂಗೆ ಹೋದೆ. ಅಮ್ಮನ ತಲೆ ಬಾಚಿದೆ, ಅಶನ ಕಲಸಿ ಕೊಟ್ಟೆ, ದನ ಕರದೆ. ಕೈ ಇಲ್ಲಿ, ಕೆಮಿ ಫೋನಿನ ಹತ್ರೆ.

ಒಂದು ದಿನ ಉದಿಯಪ್ಪಗ ಮಜ್ಜಿಗೆ ಕಡವಲೆ ಕೂದೆ. ಅಮ್ಮ ಈಗಳೂ ಹಗ್ಗ ಸುತ್ತಿದ ಕಡೆಗೋಲಿಲೇ ಕಡವದು. ಎನಗೆ ಅದರ ಅಭ್ಯಾಸ ತಪ್ಪಿ ಮೂವತ್ತು ವರ್ಷ ಆತು. ಮನಸ್ಸು ಬೆಂಗ್ಳೂರಿಲಿ. ಎರಡು ಕೈಯನ್ನೂ ಒಟ್ಟಿಂಗೆ ಎಳದಿಕ್ಕಿದೆ. ಕೋಲು ಗಟ್ಟಿ ನಿಂದತ್ತು, ತಿರುಗ. ಅಮ್ಮ ಬಾಗಿಲಿಲಿ ಕೂದೊಂಡು ನೋಡಿಗೊಂಡಿತ್ತು. "ಒಂದು ಕೈ ಎಳವಗ ಇನ್ನೊಂದರ ಸಡಿಲ ಬಿಡೆಕ್ಕು ಕೂಸೇ, ಅದೂ ಮರತ್ತೋ?" ಹೇಳಿತ್ತು. ಮತ್ತೆ ತನ್ನಷ್ಟಕೇ ಹೇಳ್ಲೆ ಸುರು ಮಾಡಿತ್ತು.

1994ರಲ್ಲಿ ಎನ್ನ ಬಾಳಂತನ ಇದೇ ಮನೆಲಿ ಆದ್ದು. ಅಂಬಗ ಅಮ್ಮನ ಅಮ್ಮ ಅವರ ಮನೆಲಿ ಹಾಸಿಗೆ ಹಿಡುದಿತ್ತಿದ್ದವು. "ಎರಡು ಸರ್ತಿ ಜೆನ ಕಳುಸಿದವು, 'ಮಗಳ ನೋಡೆಕ್ಕು ಹೇಳ್ತಾ ಇದ್ದವು, ಬಾ' ಹೇಳಿ. ಇಲ್ಲಿ ನಿನಗೆ ಜ್ವರ, ಕೂಸು ಹಾಲು ಕುಡಿತ್ತಿಲ್ಲೆ. ನಾಳೆ ಹೋಪೊ°, ನಾಡ್ದು ಹೋಪೊ° ಹೇಳಿ ಆತು. ಕೂಸಿಂಗೆ ಹನ್ನೊಂದು ದಿನ ಅಪ್ಪಗ ಅಮ್ಮ ತೀರಿಹೋದವು. ಆನು ಎತ್ತುವಗ ಎಲ್ಲ ಮುಗುದಿತ್ತು."

ಅಜ್ಜಿ ಹೋದ್ದು ಎನಗೆ ಗೊಂತಿತ್ತು. ಎರಡು ಸರ್ತಿ ಜೆನ ಬಂದದು ಗೊಂತಿತ್ತಿಲ್ಲೆ. ಎನಗೆ ನೆಂಪಿಪ್ಪದು ಬೇರೆ. ಆ ಎರಡು ದಿನ ಅಮ್ಮ ಮನೆಲಿ ಇಲ್ಲದ್ದಿಪ್ಪಗ ಕೂಸಿನ ಮೀಶುವವು ಆರೂ ಇಲ್ಲೆ ಹೇಳಿ ಆನು ಮೋರೆ ದಪ್ಪ ಮಾಡಿ ಕೂದಿತ್ತಿದ್ದೆ. ಅಮ್ಮ ಬಂದಪ್ಪಗ ಮಾತಾಡಿದ್ದೂ ಇಲ್ಲೆ. ಇಪ್ಪತ್ತೆರಡು ವರ್ಷದ ಬುದ್ಧಿ ಹೇಳಿ ಈಗ ಹೇಳ್ಲಕ್ಕು. ಕಡೆಗೋಲು ಹಿಡುದೊಂಡು ತಲೆ ನೆಗ್ಗುಲೆ ಎಡಿಗಾಯಿದಿಲ್ಲೆ.

"ಅಂಬಗ ಹೋಯೆಕ್ಕಾತು ಹೇಳಿ ಕಾಣ್ತೋ ಅಮ್ಮ?" ಕೇಳಿದೆ.

"ಬೇಜಾರ ಇದ್ದು. ತಪ್ಪು ಮಾಡಿದೆ ಹೇಳಿ ಇಲ್ಲೆ. ಎರಡೂ ಬೇರೆ ಬೇರೆ. ಬೆಣ್ಣೆ ಬಂತು ನೋಡು. ತೆಗದಿಕ್ಕಿ ನೀನು ಹೆರಡು."

ನೆರೆಕರೆಯ ಅಕ್ಕ ಇರುಳು ಬಂದು ಮನುಗುತ್ತೆ ಹೇಳಿತ್ತು. ಎಂಗಳ ಮನೆಯವು ಎರಡು ದಿನಕ್ಕೊಂದರಿ ಹೋಗಿ ಹಟ್ಟಿ ನೋಡುವ ಹಾಂಗೆ ಮಾಡಿದೆಯೊ. ಮೂರು ವಾರ ಆಗಿತ್ತು. ದಿನಕ್ಕೆ ಇನ್ನೂ ಎಂಟು ದಿನ ಇತ್ತು. ಇರುಳಾಣ ಬಸ್ಸು ಹತ್ತಿದೆ. ಉದಿಯಪ್ಪಗ ನೆಲಮಂಗಲ ದಾಂಟುವಗ ಅಳಿಯನ ಫೋನು, "ಕೂಸು ಹುಟ್ಟಿತ್ತು ಅತ್ತೆ, ಇಬ್ರೂ ಉಷಾರಿದ್ದವು."

ಆಸ್ಪತ್ರೆಗೆ ಎತ್ತಿಯಪ್ಪಗ ಮಗಳು ಸುರುವಿಂಗೆ ಕೇಳಿದ್ದು ಅಜ್ಜಿಯ ಕೈ ಹೇಂಗಿದ್ದು ಹೇಳಿ. ಮತ್ತೆ ಗೋಡೆಯ ಹೊಡೆಂಗೆ ತಿರುಗಿ, "ಇರುಳಿಡೀ ನಿನ್ನ ದಿನಿಗೇಳಿದೆ ಅಮ್ಮ" ಹೇಳಿ ಕೂಗಿತ್ತು. ಎನ್ನ ಹತ್ರೆ ಉತ್ತರ ಇತ್ತಿಲ್ಲೆ. ತಲೆ ಉದ್ದಿದೆ. ಕೂಸಿನ ಮೀಶುಲೆ ಬೆಶಿನೀರು ಕೇಳಿದೆ.

ಈಗ ಪುಳ್ಳಿಗೆ ನಲುವತ್ತು ದಿನ ಕಳುದತ್ತು. ಅಮ್ಮನ ಪ್ಲಾಸ್ಟರ್ ತೆಗದವು, ಬೆರಳು ಪೂರ ಮಡುಸುಲೆ ಇನ್ನೂ ಎಡಿಗಾವುತ್ತಿಲ್ಲೆ. ಬಪ್ಪ ವಾರ ಹತ್ತು ದಿನಕ್ಕೆ ಅಲ್ಲಿಗೆ, ಮತ್ತೆ ಪುನಾ ಇಲ್ಲಿಗೆ. ಬಸ್ಸಿನ ಕಂಡಕ್ಟರಿಂಗೂ ಎನ್ನ ಗುರ್ತ ಆಯಿದು.

ನಮ್ಮಲ್ಲಿ ಇಂಥಾದಕ್ಕೆ ಕತ್ತರಿಲಿ ಸಿಕ್ಕಿದ ಅಡಕ್ಕೆ ಹೇಳುದಲ್ಲದೋ? ಆನೂ ಸುರುವಿಂಗೆ ಹಾಂಗೇ ಹೇಳಿಗೊಂಡಿತ್ತಿದ್ದೆ. ಈಗ ಅದು ಸರಿ ಕಾಣ್ತಿಲ್ಲೆ. ಕತ್ತರಿ ಎರಡು ಹೊಡೆಂದ ಒತ್ತುತ್ತು, ಅದಕ್ಕೆ ಅಡಕ್ಕೆ ಹೇಳಿರೆ ಪ್ರೀತಿ ಇಲ್ಲೆ. ಎನ್ನ ಆರೂ ಒತ್ತಿದ್ದವಿಲ್ಲೆ. ಒಂದು ಕೈಯ ಅಮ್ಮ ಹಿಡುದ್ದು, ಇನ್ನೊಂದರ ಮಗಳು. ಹಾಂಗಾಗಿ ಮಗಳ ಶಬ್ದವೇ ಹತ್ರೆ. ಅದೂ ಎನಗೆ ಹೇಳುವ ಶಬ್ದ ಅಲ್ಲ, ಎಳವ ಬಲಕ್ಕೆ ಹೇಳುವ ಶಬ್ದ. "ಅಂಬಗ ಆನು ಡೈವೆಲೆಂಟ್ ಅಲ್ಲ, ನಿಂಗೊ ಇಬ್ರು" ಹೇಳಿ ಮಗಳ ತಿದ್ದಿದೆ. ಕೂಸಿನ ತೊಟ್ಲಿಂಗೆ ಹಾಕಿಗೊಂಡು ನೆಗೆ ಮಾಡಿತ್ತು.

ಕಿರ್ವನ್ನಿನ ಲೆಕ್ಕಲ್ಲಿ ಒಂದು ಸೆಳೆತ ಗೆದ್ದರೆ ಇನ್ನೊಂದು ಜೋಡಿ ಬಿಡ್ತು. ಎನ್ನ ಲೆಕ್ಕಲ್ಲಿ ಯೇವದೂ ಗೆಲ್ಲದ್ದೆ ಇಪ್ಪದೇ ಒಳ್ಳೆದು. ಎಂಬತ್ತೊಂದು ವರ್ಷದ ಕೈ ಎಷ್ಟು ಸಮಯ ಎಳಗು? ಎಳವಷ್ಟು ದಿನ ಎಳೆಯಲಿ. ಹಗ್ಗದ ಒಂದು ಹೊಡೆಲಿ ಕೈ ಇಲ್ಲದ್ದ ದಿನ ಎನಗೆ ಬೇಗ ಬಪ್ಪದು ಬೇಡ.

ನಿಂಗಳ ಮನೆಲಿ ಇದಕ್ಕೆ ಎಂತ ಹೇಳ್ತಿ? ನಿಂಗಳ ಅಜ್ಜಿಯಕ್ಕೊ ಹೇಳಿಗೊಂಡಿದ್ದ ಮಾತು ನೆಂಪಿದ್ದರೆ ತಿಳುಶಿ. ಉಪ್ಪಿನಕಾಯಿ ಬಪ್ಪ ಸರ್ತಿ, ಖಂಡಿತ.