ಲಾಡ್ಜಿನ ಡಾಕ್ಟರು ಕೇಳದ ಪ್ರಶ್ನೆ

ನಾನು ವರದಿ ಕಳಿಸುವ ಪತ್ರಿಕೆಯ ಒಳಪುಟದಲ್ಲಿ ತಪ್ಪದೆ ಬರುವ ಜಾಹೀರಾತೊಂದಿದೆ. ಗುಪ್ತರೋಗಕ್ಕೆ ಶಾಶ್ವತ ಪರಿಹಾರ, ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜು, ತಿಂಗಳಿಗೆ ಎರಡು ದಿನ. ದುಡ್ಡು ಮುಂಗಡ ಬರುವುದರಿಂದ ಡೆಸ್ಕಿನಲ್ಲಿ ಯಾರೂ ತಕರಾರು ಎತ್ತುವುದಿಲ್ಲ. ಇದೇ ಕಾಯಿಲೆಗಳಿಗೆ ಪುಕ್ಕಟೆ ಔಷಧಿ ಕೊಡುವ ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್ ಮಾತ್ರ ಡಿಸೆಂಬರ್ 1ರ ಏಡ್ಸ್ ಜಾಥಾದ ಫೋಟೊ ಕೆಳಗೆ ಒಂದು ಸಾಲು ಕಂಡರೆ ಹೆಚ್ಚು.

ಎಪಿಎಂಸಿ ಯಾರ್ಡಿನ ಹಮಾಲನೊಬ್ಬ ಚಹಾದಂಗಡಿ ಹಿಂದೆ ಕರೆದು ಕೇಳಿದ: "ಅಣ್ಣಾರ, ಒಂದಕ್ಕ ಹೋದ್ರ ಉರೀತೈತಿ, ಕೀವು ಬರ್ತೈತಿ. ನಿಮಗ ಡಾಕ್ಟರ್ ಗುರ್ತ ಇರ್ತಾರಲ್ರಿ?" ಲಾಡ್ಜಿಗೆ ಎರಡು ಸಲ ಹೋಗಿ ಎಂಟು ಸಾವಿರ ಕೊಟ್ಟು, ಹೆಸರಿಲ್ಲದ ಪುಡಿ ತಂದಿದ್ದ. ಎಂಟು ಸಾವಿರ ಅಂದರೆ ಎಷ್ಟು ಚೀಲ ಹೊತ್ತಿರಬೇಕು ಅವನು!

ಸುರಕ್ಷಾ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಲ್ಲಿ ಲಕ್ಷಣಕ್ಕೊಂದು ಬಣ್ಣದ ಔಷಧಿ ಕಿಟ್ ಇರುತ್ತದೆ. ಅವನಿಗೆ ಸಿಕ್ಕಿದ್ದು ಬೂದು ಬಣ್ಣದ್ದು. ಅಜಿಥ್ರೋಮೈಸಿನ್ 1 ಗ್ರಾಂ, ಸೆಫಿಕ್ಸಿಮ್ 400 ಮಿಲಿಗ್ರಾಂ, ಒಂದೇ ಸಲ ನುಂಗುವುದು, ಮುಗಿಯಿತು. ಎಚ್‌ಐವಿ, ಸಿಫಿಲಿಸ್ ಪರೀಕ್ಷೆಗೆ ರಕ್ತವನ್ನೂ ಕೊಟ್ಟ. ನಾನು ಹೊರಗೆ ಬೆಂಚಿನ ಮೇಲಿದ್ದೆ.

ಹೊರಗೆ ಬಂದವನ ಮುಖ ಸಪ್ಪಗಿತ್ತು. "ಹೇಣ್ತೀನ್ನ ಕರ್ಕೊಂಡ್ ಬಾ ಅಂತಾರ್ರಿ ಆ ಮೇಡಂ. ಅಕಿಗೇನೂ ಆಗಿಲ್ಲ, ಆರಾಮ ಅದಾಳ."

ಕಷ್ಟ ಇರುವುದೇ ಅಲ್ಲಿ. ಗೊನೋರಿಯಾ, ಕ್ಲಮೈಡಿಯಾ ತಗುಲಿದ ಹೆಂಗಸರಲ್ಲಿ ಬಹಳ ಸಲ ಯಾವ ಲಕ್ಷಣವೂ ಕಾಣುವುದಿಲ್ಲ. ಗಂಡ ಒಬ್ಬನೇ ಗುಳಿಗೆ ನುಂಗಿದರೆ ಸೋಂಕು ಹೆಂಡತಿಯಿಂದ ಮತ್ತೆ ಅವನಿಗೇ ಬರುತ್ತದೆ. ಅವಳಲ್ಲಿ ಅದು ಸದ್ದಿಲ್ಲದೆ ಗರ್ಭಕೋಶಕ್ಕೆ, ಗರ್ಭನಾಳಕ್ಕೆ ಏರಿ ಮುಂದೆ ಮಕ್ಕಳಾಗದಂತೆಯೂ ಮಾಡಬಹುದು. ಆಗ ಊರು ಬಂಜೆ ಅನ್ನುವುದು ಯಾರಿಗೆ, ಗೊತ್ತಲ್ಲ? ಲಾಡ್ಜಿನವನು ಎರಡು ಭೇಟಿಯಲ್ಲೂ ಹೆಂಡತಿಯ ಸುದ್ದಿ ಎತ್ತಿರಲಿಲ್ಲವಂತೆ. ಗುಟ್ಟೇ ಅವನ ಬಂಡವಾಳ, ಯಾಕೆ ಎತ್ತುತ್ತಾನೆ?

ಸಿಫಿಲಿಸ್ಸಿನಲ್ಲಂತೂ ಇಂಥವರಿಗೆ ಸುಗ್ಗಿ. ಮೊದಲು ಏಳುವ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಹೆಸರು ಪುಡಿಗೆ ಬರುತ್ತದೆ, ರೋಗ ಮೈಯೊಳಗೇ ಉಳಿಯುತ್ತದೆ. ಬಸುರಿಗೆ ದಾಟಿದರೆ ಕೂಸು ಹೊಟ್ಟೆಯಲ್ಲೇ ಸಾಯಬಹುದು. ಆರಂಭದಲ್ಲೇ ತೋರಿಸಿದ್ದರೆ ಸಾಮಾನ್ಯವಾಗಿ ಒಂದು ಸಲದ ಬೆಂಜಥೈನ್ ಪೆನಿಸಿಲಿನ್ ಚುಚ್ಚುಮದ್ದು ಸಾಕಿತ್ತು.

ಏಳು ದಿನ ಕೂಡಬಾರದು, ಆಮೇಲೂ ಹೊರಗೆ ಹೋದರೆ ಕಾಂಡೋಮ್ ಬಿಡಬಾರದು ಎಂದು ಹೇಳಿ ಕಳಿಸಿದ್ದರಂತೆ. ಊರಲ್ಲಿ ಕೇಳಲು ನಾಚಿಕೆಯಾಗುವವರು 1097ಕ್ಕೆ ಪುಕ್ಕಟೆ ಫೋನ್ ಮಾಡಬಹುದು, ಹೆಸರು ಹೇಳಬೇಕಾಗಿಲ್ಲ.

ಮುಂದಿನ ಸಂತೆಯ ದಿನ ಅವನು ಹೆಂಡತಿಯನ್ನು ಕರೆತಂದ. ಏನು ಹೇಳಿ ಕರೆತಂದನೋ ನಾನು ಕೇಳಲಿಲ್ಲ. ಅವಳು ಒಳಗೆ ಹೋಗಿ ಬರುವ ತನಕ ಅವನು ಕಾಂಪೌಂಡಿನ ಬೇವಿನ ಮರದ ಕೆಳಗೆ ನಿಂತೇ ಇದ್ದ. ಬಂದವಳು ಅವನ ಮುಖ ನೋಡದೆ ಚೀಲ ಅವನ ಕೈಗಿಟ್ಟು ಬಸ್ ಸ್ಟ್ಯಾಂಡ್ ಕಡೆ ನಡೆದಳು.