ಚಳಿಯ ಮೇಲೆ ಹೊರಿಸಿದ ತಪ್ಪು

ಹೋದ ಜನವರಿಯ ಒಂದು ರಾತ್ರಿ ಹನ್ನೊಂದೂವರೆಗೆ, ನ್ಯೂಜೆರ್ಸಿಯ ಹ್ಯಾರಿಸನ್ನಿನ ನಮ್ಮ ಕಟ್ಟಡದ ಕೆಳಗಿನ ಮಹಡಿಯ ಹುಡುಗಿ ಫೋನ್ ಮಾಡಿದಳು. ಶಿವಮೊಗ್ಗದ ಕಡೆಯವಳು, ತುಂಬು ಬಸುರಿ. ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. "ಅಣ್ಣಾ, ನೋವು ಶುರುವಾಗಿದೆ. ಕಾರು ತೆಗೀತೀರಾ?" ಎಷ್ಟೊತ್ತಾದರೂ ಕರಿ, ನಾನಿದ್ದೇನೆ ಎಂದು ಮಾತು ಕೊಟ್ಟವನು ನಾನೇ. ಪಾರ್ಕಿಂಗಿಗೆ ಓಡಿ ಕೀಲಿ ತಿರುಗಿಸಿದೆ. ಟಕಟಕ ಎಂದು ಸದ್ದಾಯಿತು, ಮೀಟರಿನ ದೀಪಗಳು ಮಂಕಾಗಿ ಆರಿಹೋದವು. ಟ್ಯಾಕ್ಸಿ ಬರುವ ತನಕ ಅವಳು ಲಾಬಿಯ ಕಂಬ ಹಿಡಿದು ನಿಂತಿದ್ದಳು. ಹೆರಿಗೆ ಸುಸೂತ್ರವಾಗಿ ಆಯಿತು. ಆದರೆ ದಾರಿಯಲ್ಲಿ ನಾನು ಅವಳಿಗೆ ಹೇಳಿದ ಮಾತು ಇದು: "ಈ ಹಾಳು ಚಳಿ ಕಣಮ್ಮಾ, ಬ್ಯಾಟರಿ ಕೂತುಬಿಟ್ಟಿದೆ."

ಅದು ಸುಳ್ಳು.

ಚಳಿಯ ಪಾಲು ಇಲ್ಲವೆಂದಲ್ಲ. ಸೊನ್ನೆ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಬ್ಯಾಟರಿಯ ಕಸುವು ಸುಮಾರು ಮೂರನೇ ಒಂದು ಭಾಗ ಕುಗ್ಗುತ್ತದೆ. ಎಂಜಿನ್ ಆಯಿಲ್ ಮಂದವಾಗಿ ಸ್ಟಾರ್ಟರಿನ ಹೊರೆಯೂ ಹೆಚ್ಚುತ್ತದೆ. ಆದರೂ ತುಂಬಿದ ಬ್ಯಾಟರಿ ಇಲ್ಲಿನ ಚಳಿಗೆ ಸೋಲುವುದಿಲ್ಲ. ನನ್ನದು ತುಂಬಿರಲಿಲ್ಲ. ಹ್ಯಾರಿಸನ್ನಿನಲ್ಲಿ ಇರುವ ನಮ್ಮಂಥವರು ಪಾತ್ ರೈಲು ಹತ್ತಿ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ ಇಳಿದು ಕೆಲಸಕ್ಕೆ ಹೋಗುತ್ತೇವೆ. ಕಾರು ಏಳು ವಾರದಿಂದ ನಿಂತಲ್ಲೇ ನಿಂತಿತ್ತು. ನಿಂತ ಕಾರೂ ಸುಮ್ಮನಿರುವುದಿಲ್ಲ. ಅಲಾರಂ, ರಿಮೋಟ್ ಲಾಕ್, ಗಡಿಯಾರ ಎಲ್ಲ ಸೇರಿ 50 ಮಿಲಿಆಂಪಿಯರ್ ಎಳೆದರೂ ದಿನಕ್ಕೆ 1.2 ಆಂಪಿಯರ್-ಗಂಟೆ ಹೋಗುತ್ತದೆ. 60 ಆಂಪಿಯರ್-ಗಂಟೆಯ ಬ್ಯಾಟರಿ ತಿಂಗಳೊಳಗೆ ಅರ್ಧಕ್ಕಿಂತ ಹೆಚ್ಚು ಬರಿದು.

ಭಾನುವಾರಕ್ಕೊಮ್ಮೆ ಇಳಿದು ಐದು ನಿಮಿಷ ಸ್ಟಾರ್ಟ್ ಮಾಡಿ ಬರುತ್ತಿದ್ದೆ, ನಿಜ. ಹೀಟರ್ ಹಾಕಿಕೊಂಡು ಫೋನ್ ನೋಡುತ್ತ ಕೂರುತ್ತಿದ್ದೆ. ವಾರವಿಡೀ ಸೋರಿಹೋದ ಕರೆಂಟು ಅಷ್ಟರಲ್ಲಿ ವಾಪಸ್ ಬರುವುದಿಲ್ಲ. ಸಾಲದ್ದಕ್ಕೆ, ಮುಚ್ಚಿದ ಪಾರ್ಕಿಂಗಿನಲ್ಲಿ ಹೊಗೆ ಬಿಡುವುದು ಅಪಾಯ. ಕಾರನ್ನು ನೋಡಿಕೊಂಡೆ ಎಂಬ ಸಮಾಧಾನ ನನಗೆ ಸಿಗುತ್ತಿತ್ತು, ಅಷ್ಟೆ. ಕಾರಿಗೆ ಏನೂ ಸಿಗುತ್ತಿರಲಿಲ್ಲ.

ಇದು ನನಗೆ ತಿಳಿಯದ್ದೇನಲ್ಲ. ಮನಸ್ಸನ್ನು ಕೊರೆಯುವುದು ಇದೇ. ನಮ್ಮಪ್ಪ ದಾವಣಗೆರೆಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿದ್ದರು. ಆಸಿಡ್ ಸಿಡಿದು ಅವರ ಒಂದೊಂದು ಅಂಗಿಯಲ್ಲೂ ಕಡಲೆಕಾಳಿನಷ್ಟು ತೂತುಗಳು. ಹೈಡ್ರೋಮೀಟರನ್ನು ಸೆಲ್ಲಿಗೆ ಇಳಿಸಿ, ರಬ್ಬರ್ ಬುರುಡೆ ಒತ್ತಿ, ಗಾಜಿನ ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ತೇಲುವ ಬುರುಡೆ ನಿಲ್ಲುವ ತನಕ ಉಸಿರು ಬಿಗಿಹಿಡಿಯುತ್ತಿದ್ದರು. ತುಂಬಿದ ಬ್ಯಾಟರಿಯ ಗುರುತಾದ 1.265ರ ಹತ್ತಿರ ನಿಂತರೆ ಮುಖ ಅರಳುತ್ತಿತ್ತು. ಭತ್ತದ ಕೆಲಸ ಮುಗಿಸಿ ಟ್ರ್ಯಾಕ್ಟರ್ ನಿಲ್ಲಿಸುವ ರೈತರಿಗೆಲ್ಲ ಹೇಳುತ್ತಿದ್ದರು: "ಮೈನಸ್ ತಂತಿ ಬಿಚ್ಚಿಡ್ರಿ, ತಿಂಗಳಿಗೊಮ್ಮೆ ತಂದು ಚಾರ್ಜಿಗೆ ಹಾಕ್ರಿ. ಖಾಲಿ ಬ್ಯಾಟ್ರಿ ಹಂಗ ಬಿಟ್ರೆ ಒಳಗ ಹಳ್ಳುಗಟ್ಟತೈತಿ." ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುವುದನ್ನೇ ಅವರು ಹಾಗೆ ಹೇಳುತ್ತಿದ್ದರು. ಹೊಸ ಬ್ಯಾಟರಿ ಮಾರಿದರೆ ಲಾಭ ಹೆಚ್ಚಿತ್ತು. ಆದರೂ ಹಳೆಯದನ್ನು ಉಳಿಸುವ ದಾರಿಯನ್ನೇ ಹೇಳುತ್ತಿದ್ದರು.

ಕಾಲೇಜಿನಲ್ಲಿ ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರೆ "ಎಲೆಕ್ಟ್ರಿಕಲ್ ಬಿಸಿನೆಸ್" ಎನ್ನುತ್ತಿದ್ದೆ. ಆ ಅಂಗಿಗಳ ಬಗ್ಗೆ ನನಗೆ ನಾಚಿಕೆ. ಎಡಿಸನ್ 1882ರಲ್ಲಿ ತನ್ನ ಬಲ್ಬ್ ಕಾರ್ಖಾನೆಯನ್ನು ತಂದದ್ದು ಇದೇ ಹ್ಯಾರಿಸನ್ನಿಗೆ ಎಂದು ಮನೆಗೆ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತೇನೆ. ಅಪ್ಪನ ಅಂಗಡಿಯ ಮಾತನ್ನು ಇಷ್ಟು ವರ್ಷದಲ್ಲಿ ಒಬ್ಬರ ಹತ್ತಿರವೂ ಎತ್ತಿರಲಿಲ್ಲ. ಅಪ್ಪನ ಕಸುಬನ್ನು ಮರೆಮಾಚುತ್ತ ಬಂದವನು ಅವರ ಮಾತನ್ನೂ ಮರೆತೆ. ಚಳಿಯ ಹೆಸರು ಹೇಳಿದ ಆ ರಾತ್ರಿಯೂ ಮಾಡಿದ್ದು ಅದನ್ನೇ.

ಬಾಣಂತಿಯನ್ನು ನೋಡಲು ಹೋದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಅಪ್ಪನ ಅಂಗಡಿಯ ಸಮೇತ. "ಹೋಗ್ಲಿ ಬಿಡಿ ಅಣ್ಣಾ" ಎಂದಳು. ಅದರಿಂದ ತಪ್ಪೇನೂ ಸಣ್ಣದಾಗಲಿಲ್ಲ.

ಪಾರ್ಕಿಂಗಿನಲ್ಲಿ ಪ್ಲಗ್ ಇರುವ ಗೋಡೆಯ ಪಕ್ಕದ ಜಾಗ ಕೇಳಿ ಪಡೆದಿದ್ದೇನೆ. ಬ್ಯಾಟರಿ ತುಂಬಿದ ಮೇಲೆ ತಾನೇ 13.5 ವೋಲ್ಟಿನ ಆಸುಪಾಸಿಗೆ ಇಳಿದು ಹದವಾಗಿ ಕಾಯುವ ಸಣ್ಣ ಚಾರ್ಜರ್ ತಂದಿದ್ದೇನೆ. ಕೆಂಪು ಕ್ಲಿಪ್ ಪ್ಲಸ್ಸಿಗೆ, ಕಪ್ಪು ಕ್ಲಿಪ್ ಬ್ಯಾಟರಿಯಿಂದ ದೂರದ ಬರಿಯ ಲೋಹಕ್ಕೆ. ಪ್ಲಗ್ ಇಲ್ಲದವರು ವಾರಕ್ಕೊಮ್ಮೆ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಓಡಿಸಿ. ಭಾರತೀಯ ಅಂಗಡಿಗಳಿರುವ ಓಕ್ ಟ್ರೀ ರಸ್ತೆಗೆ ದಿನಸಿ ತರಲು ಹೋಗಿಬಂದರೂ ಸಾಕು. ತಿಂಗಳುಗಟ್ಟಲೆ ಊರಿಗೆ ಹೋಗುವವರು ಮೈನಸ್ ತಂತಿ ಬಿಚ್ಚಿಟ್ಟು ಹೋಗಿ. ಎಂಜಿನ್ ಆರಿಸಿ ರಾತ್ರಿ ಕಳೆದ ಮೇಲೆ ವೋಲ್ಟ್ ಮೀಟರ್ ಹಿಡಿದು ನೋಡಿ: 12.6 ವೋಲ್ಟ್ ಇದ್ದರೆ ತುಂಬಿದೆ, 12.4ಕ್ಕಿಂತ ಇಳಿದಿದ್ದರೆ ಅಂದೇ ಚಾರ್ಜಿಗೆ ಹಾಕಿ. ಪೂರ್ತಿ ಖಾಲಿಯಾದ ಬ್ಯಾಟರಿ ಮೈನಸ್ ಹತ್ತು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೇ ಹೆಪ್ಪುಗಟ್ಟಿ ಒಡೆಯಬಹುದು. ನಿಮ್ಮ ಕಾರನ್ನು ನಂಬಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಈ ವಾರವೇ ನೋಡಿ.