ಕಾವೇರಿಯ ಜೊತೆ ನಡೆಯೋಣ ಬನ್ನಿ

ತುಲಾ ಸಂಕ್ರಮಣ ಹತ್ತಿರ ಬಂತೆಂದರೆ ತಲಕಾವೇರಿಗೆ ಹೊರಡುವವರ ಸಡಗರವನ್ನು ನೀವೂ ನೋಡಿರಬಹುದು. ಅಕ್ಟೋಬರ್ 17ರ ಆಸುಪಾಸಿನಲ್ಲಿ ಸೂರ್ಯ ತುಲಾ ರಾಶಿಗೆ ಕಾಲಿಡುವ ಗಳಿಗೆಗೆ ಸರಿಯಾಗಿ ಅಲ್ಲಿನ ಪುಟ್ಟ ಕುಂಡಿಕೆಯಲ್ಲಿ ಕಾವೇರಮ್ಮ ಉಕ್ಕಿ ಬರುತ್ತಾಳೆ ಎಂಬುದು ಭಕ್ತರ ನಂಬಿಕೆ. ಆ ಗಳಿಗೆ ಒಂದು ವರ್ಷ ಮಧ್ಯಾಹ್ನ ಬಂದರೆ ಇನ್ನೊಂದು ವರ್ಷ ನಡುರಾತ್ರಿ. ಎಷ್ಟು ಹೊತ್ತಿಗೇ ಇರಲಿ, ಜನ ಚಳಿಯಲ್ಲೂ ಕಾದು ನಿಂತಿರುತ್ತಾರೆ.

ದೇವರು ಎಲ್ಲೆಲ್ಲೂ ಇದ್ದಾನೆ ಅಂತೀವಿ. ಹಾಗಾದರೆ ಅಷ್ಟು ದೂರದ ಒಂದು ಜಾಗಕ್ಕೇ ಯಾಕೆ ಹೋಗಬೇಕು? ಯಾವ ನೆಲ ಪುಣ್ಯಕ್ಷೇತ್ರವಾಗುತ್ತದೆ, ಒಂದು ಕಡೆಯ ನಂಬಿಕೆ ಇನ್ನೊಂದು ಕಡೆಗೆ ಹೇಗೆ ಹರಡುತ್ತದೆ ಎಂದು ವಿಚಾರಿಸುವುದಕ್ಕೇ ಒಂದು ಶಾಸ್ತ್ರವಿದೆ. ಅದನ್ನು ಧರ್ಮದ ಭೂಗೋಳ ಎನ್ನುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಡಿ. ಕಾವೇರಿಯ ದಡದಲ್ಲಿ ನಡೆದರೆ ಎಲ್ಲ ತಾನಾಗಿ ತಿಳಿಯುತ್ತದೆ.

ಹೊಳೆ ಎಲ್ಲಿ ಹುಟ್ಟುತ್ತದೋ, ಎಲ್ಲಿ ಕೂಡುತ್ತದೋ, ಎಲ್ಲಿ ಕವಲೊಡೆದು ನಡುಗಡ್ಡೆ ಮಾಡುತ್ತದೋ ಅಲ್ಲೆಲ್ಲ ನಮ್ಮ ಹಿರಿಯರು ದೇವರನ್ನು ಕಂಡರು. ತಲಕಾವೇರಿಯಿಂದ 8 ಕಿ.ಮೀ. ಕೆಳಗಿನ ಭಾಗಮಂಡಲದಲ್ಲಿ ಕಾವೇರಿಗೆ ಕನ್ನಿಕೆ ಸೇರುತ್ತಾಳೆ, ಕಣ್ಣಿಗೆ ಕಾಣದ ಸುಜ್ಯೋತಿಯೂ ಸೇರುತ್ತಾಳೆ ಎನ್ನುತ್ತಾರೆ. ತಿರುಮಕೂಡಲು ನರಸೀಪುರದಲ್ಲಿ ಕಪಿಲೆ ಬಂದು ಕೂಡುತ್ತಾಳೆ. ಅಲ್ಲೂ ಕಾಣದ ಮೂರನೆಯದೊಂದು ಉಂಟು, ಸ್ಫಟಿಕ ಸರೋವರ. ಗಂಗೆ, ಯಮುನೆ, ಕಾಣದ ಸರಸ್ವತಿ ಕೂಡುವ ಪ್ರಯಾಗದ ಅಚ್ಚೇ ಅಲ್ಲವೇ? ಉತ್ತರಕ್ಕೆ ಹೋಗಲಾರದವರಿಗೆ ಪ್ರಯಾಗವೇ ಹತ್ತಿರ ಬಂತು, ಕಾವೇರಿ ದಕ್ಷಿಣ ಗಂಗೆಯಾದಳು. ನರಸೀಪುರದಲ್ಲಿ 1989ರಿಂದ ಕುಂಭಮೇಳವೂ ನಡೆಯುತ್ತಿದೆ.

ನಡುಗಡ್ಡೆಗಳಲ್ಲಿ ಮಲಗಿದವನು ರಂಗನಾಥ. ಶ್ರೀರಂಗಪಟ್ಟಣದಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಮೂರು ಊರುಗಳನ್ನು ಹೊಳೆ ಒಂದೇ ದಾರದಲ್ಲಿ ಪೋಣಿಸಿದಂತಿದೆ.

ಆದರೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹೆಂಗಸರ ಕಾವೇರಿ. ಕೊಡವರ ಮನೆಗಳಲ್ಲಿ ಸಂಕ್ರಮಣದ ಕಾಲಕ್ಕೆ ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಹೂವು ಮುಡಿಸಿ, ಪತ್ತಾಕ್ ಎಂಬ ಮುತ್ತೈದೆಯ ಒಡವೆ ತೊಡಿಸಿ, ಮುಂದೆ ಗಾಜಿನ ಬಳೆ, ಎಲೆ ಅಡಿಕೆ ಇಡುತ್ತಾರೆ. ಅದೇ ಕನ್ನಿ ಪೂಜೆ. ಮಾಂಸದಡುಗೆಗೆ ಹೆಸರಾದ ಮನೆಗಳಲ್ಲಿ ಅಂದು ದೋಸೆ, ಕುಂಬಳಕಾಯಿ ಕರಿ, ಪಾಯಸ ಮಾತ್ರ! ತಮಿಳುನಾಡಿನವರಿಗೆ ಆಡಿ ತಿಂಗಳ 18ನೇ ದಿನ, ಅಂದರೆ ಆಗಸ್ಟ್ ಮೊದಲಲ್ಲಿ, ಹೊಸ ನೀರಿನ ಹಬ್ಬ. ಕಾವೇರಿ ತುಂಬು ಬಸುರಿ ಎಂದು ಅವಳಿಗೆ ಬಳೆ, ಕರಿಮಣಿ ಕೊಟ್ಟು, ಹುಳಿಯನ್ನ, ಕಾಯನ್ನ, ಮೊಸರನ್ನ ಕಲಸಿ ದಡದಲ್ಲೇ ಕೂತು ಉಣ್ಣುತ್ತಾರೆ. ಒಬ್ಬಳೇ ತಾಯಿ, ಒಂದೂರಿನಲ್ಲಿ ಮದುವಣಗಿತ್ತಿಯಂತೆ, ಇನ್ನೊಂದೂರಿನಲ್ಲಿ ಬಸುರಿ ಮಗಳಂತೆ. ಮನೆಬಿಟ್ಟು ಹೊರಡಲಾಗದ ಗೃಹಿಣಿಯ ಬಳಿಗೆ ಕ್ಷೇತ್ರ ತಾನೇ ಬಂದು ದೇವರ ಮನೆಯಲ್ಲಿ ಕೂರುತ್ತದೆ. ತೀರ್ಥದ ಒಂದು ಸಣ್ಣ ಗಿಂಡಿ ಸಾಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು, ಸೋದರಿಯರೇ. ಕ್ಷೇತ್ರವೆಂದರೆ ಗುಡಿ ಮಾತ್ರವಲ್ಲ, ಆ ಬೆಟ್ಟ, ಆ ಕಾಡು, ಆ ನೀರು. 2020ರ ಆಗಸ್ಟ್ ಮಳೆಯಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆಯೇ ಮಣ್ಣಿನಡಿ ಸೇರಿತು, ಜೀವಗಳು ಹೋದವು. ಪುಣ್ಯಭೂಮಿಯಾದರೂ ನೆಲ ನೆಲವೇ. ಇನ್ನು ಮಿಂದ ಮೇಲೆ ಉಟ್ಟ ಬಟ್ಟೆಯನ್ನು ಹೊಳೆಗೇ ಬಿಟ್ಟುಬರುವ ರೂಢಿ ಉಂಟಲ್ಲ, ಅದು ಯಾವ ಪಾಪವನ್ನು ಕಳೆಯುತ್ತದೋ! ಕೆಳಗಿನೂರಿನಲ್ಲಿ ಅದೇ ನೀರನ್ನು ಇನ್ನೊಬ್ಬ ತಾಯಿ ಕೊಡದಲ್ಲಿ ತುಂಬಬೇಕು.

ಹೋಗುವವರಿಗೆ ಎರಡು ಸೂಚನೆ. ಮಡಿಕೇರಿಯಿಂದ ಭಾಗಮಂಡಲ ಸುಮಾರು 40 ಕಿ.ಮೀ. ಮಂಜು, ತುಂತುರು ಇದ್ದೇ ಇರುತ್ತದೆ, ಮಕ್ಕಳಿಗೆ ಸ್ವೆಟರ್, ನಿಮಗೊಂದು ಶಾಲು ಮರೆಯಬೇಡಿ. ಜೊತೆಗೊಂದು ಖಾಲಿ ಚೀಲವಿರಲಿ. ಒದ್ದೆ ಬಟ್ಟೆ, ತಿಂಡಿಯ ಕಾಗದ ಎಲ್ಲ ಅದರಲ್ಲಿ ತುಂಬಿ ಮನೆಗೇ ತನ್ನಿ. ಕಾವೇರಮ್ಮನಿಗೆ ಅರಿಸಿನ ಕುಂಕುಮದಷ್ಟೇ ಅದೂ ಪ್ರಿಯವಾದೀತು.